ನಂಬರ್ ಕೇಳಿದ ಮಾಲೀಕರು

ಕಂಪ್ಯೂಟರ್ ಡೇಟಾಬೇಸ್ ಕೆಲಸ ಮಾಡುವವರು ಸೇರಿ ಕಟ್ಟಿಕೊಂಡ, ಜಿಲ್ಲೆಗೊಂದೇ ಬಳಗ ನಮ್ಮದು. ನಡೆಸುವವರು ಸೊಸೈಟಿ ಗುಮಾಸ್ತೆ ಚಂಪಕ್ಕ, ನಮ್ಮೂರಿನವರೇ ಅಂತ ಜಂಬದಿಂದ ಹೇಳುತ್ತೇನೆ. ಒಮ್ಮೆ, ನಮ್ಮ ಸಭೆಗಳಿಗೆ ಪುಕ್ಕಟೆ ಹಾಲ್ ಕೊಡುತ್ತಿದ್ದ ಕೋಚಿಂಗ್ ಸೆಂಟರಿನ ಮಾಲೀಕರು ತಗಾದೆ ತೆಗೆದರು.

"ಸದಸ್ಯರೆಲ್ಲರ ಫೋನ್ ನಂಬರ್ ಕೊಡಿ. ನಮ್ಮ ಕೋರ್ಸ್ ಬಗ್ಗೆ ಮಾತಾಡಬೇಕು. ಇಲ್ಲಾಂದ್ರೆ ಹಾಲ್ ಇಲ್ಲ."

"ಮಾತಾಡೋದು ತಾನೇ ಸರ್, ಆಯ್ತು" ಅಂದ ಅಕ್ಕ ನಮ್ಮ ಒಂದು ನಂಬರನ್ನೂ ಕೊಡಲಿಲ್ಲ. ಮಾಲೀಕರ ನಂಬರನ್ನೇ ನಮ್ಮ ಅರವತ್ತು ಜನಕ್ಕೂ ಕಳಿಸಿದರು. "ಯಾರ ಡೇಟಾಬೇಸ್ ನಿಧಾನವಾದರೂ ಇವರನ್ನು ಕೇಳಿ. ಮಾತಾಡಲು ಕಾಯುತ್ತಿದ್ದಾರೆ."

ನಾವು ಬಿಡುತ್ತೇವೆಯೇ? ನಾನೊಬ್ಬನೇ ಏಳು ಸಲ ಫೋನ್ ಮಾಡಿದೆ.

ಮೂರನೇ ದಿನ ಮಾಲೀಕರೇ ಓಡಿ ಬಂದರು. "ತಾಯಿ, ಹಾಲ್ ನಿಮ್ಮದೇ. ನನ್ನ ನಂಬರ್ ಅಳಿಸೋಕೆ ಹೇಳಿ."

"ಹೇಳ್ತೀನಿ ಸರ್" ಅಂದರು ಅಕ್ಕ. "ಆದ್ರೆ ನಮ್ಮವರು ಬ್ಯಾಕಪ್ ಇಲ್ಲದೆ ಏನನ್ನೂ ಇಡೋದಿಲ್ಲ."