ರಾಣಿಯ ಪಕ್ಕದ ‘ಹೂ’

“ನಮ್ಮ ರಾಜ್ಯದಲ್ಲಿ ಇನ್ನು ಮೇಲೆ ಎರಡು ವಾಕ್ಯಗಳು ಬಿಡಿಬಿಡಿಯಾಗಿ ಓಡಾಡಕೂಡದು! ಕಂಡಲ್ಲಿ ಜೋಡಿಸಿ!”

ಹೀಗೆ ಗುಡುಗಿದವರು ಕಡಗೋಡಿನ ದೊರೆ ದೊಡ್ಡಮಲ್ಲ ನಾಯಕರು. ರಾಜ್ಯ ಎಷ್ಟು ದೊಡ್ಡದು ಅಂತೀರಿ? ದೊರೆ ಜೋರಾಗಿ ಸೀನಿದರೆ ಗಡಿಯಾಚೆಯವರು ‘ನೂರು ವರ್ಷ ಬಾಳಿ’ ಅನ್ನುವಷ್ಟು. ಇಂಥ ದೊರೆಗೆ ಇಂಗ್ಲಿಷ್ ಹಿಡಿದಿತ್ತು. ಜ್ವರವಾಗಿದ್ದರೆ ಕಷಾಯ ಕುಡಿಸಬಹುದಿತ್ತು. ಇದಕ್ಕೆ ಮದ್ರಾಸಿನಿಂದ ಪದ್ಮನಾಭಯ್ಯ ಎಂಬ ಬಿ.ಎ. ಮೇಷ್ಟ್ರನ್ನು ಕರೆಸಿದರು. ಆ ಕಾಲದ ಬಿ.ಎ. ಅಂದರೆ ಸಾಮಾನ್ಯವೇ? ನಾನೂ ಬಿ.ಎ.ನೇ, ನನ್ನನ್ನು ಯಾರೂ ಎಲ್ಲಿಗೂ ಕರೆಸಲಿಲ್ಲ.

ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಲು ಬಾರದವರಿಗೆ ಆಸ್ಥಾನದಲ್ಲಿ ಜಾಗವಿಲ್ಲ ಎಂದು ಆಜ್ಞೆಯಾಯಿತು. ಮೊದಲ ಪರೀಕ್ಷೆ ವಿದೂಷಕ ಕೋನೇರಿರಾಯನಿಗೆ. ಅವನ ಜಾಗಕ್ಕೆ ಮೇಷ್ಟ್ರ ಭಾವಮೈದುನ ಆಗಲೇ ಹೊಸ ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಕಾಕತಾಳೀಯ, ಅಷ್ಟೆ!

ದೊರೆ ತಾವೇ ರಚಿಸಿದ ಎರಡು ವಾಕ್ಯ ಕೊಟ್ಟರು: “ದ ಕಿಂಗ್ ಲವ್ಸ್ ದ ಕ್ವೀನ್. ದ ಕ್ವೀನ್ ಲಿವ್ಸ್ ಇನ್ ದ ಪ್ಯಾಲೆಸ್. ಜೋಡಿಸು!”

ಪರದೆಯ ಹಿಂದೆ ಕೂತಿದ್ದ ರಾಣಿ ಚೆನ್ನಾಜಮ್ಮಣ್ಣಿಯವರಿಗೆ ‘ಕ್ವೀನ್’ ಅಂದರೆ ತಾವೇ ಎಂದು ಗೊತ್ತಿತ್ತು. ಬಳೆಗಳು ಸಂತೋಷದಿಂದ ಸದ್ದು ಮಾಡಿದವು.

“ನನಗೆ ಬಾರದು ಸ್ವಾಮಿ,” ಎಂದ ಕೋನೇರಿರಾಯ. “ಮೇಷ್ಟ್ರೇ ಒಮ್ಮೆ ತೋರಿಸಿಕೊಡಲಿ.”

“ಬಾರದಿದ್ದರೆ ಹೊರಡು!” ಎಂದರು ದೊರೆ.

ಮೇಷ್ಟ್ರು ಉಬ್ಬಿ ಮುಂದೆ ಬಂದರು. “ಬಹಳ ಸುಲಭ. ನಡುವೆ ಒಂದು ‘ಹೂ’ ಇಟ್ಟರಾಯಿತು. ದ ಕಿಂಗ್ ಲವ್ಸ್ ದ ಕ್ವೀನ್ ಹೂ ಲಿವ್ಸ್ ಇನ್ ದ ಪ್ಯಾಲೆಸ್. ಅಂದರೆ, ಅರಮನೆಯಲ್ಲಿ ಇರುವ ರಾಣಿಯನ್ನು ದೊರೆ ಪ್ರೀತಿಸುತ್ತಾರೆ.”

“ಆಹಾ! ಹೊರಡುವ ಮುಂಚೆ ಒಂದು ಸಂದೇಹ ಮೇಷ್ಟ್ರೇ. ಈ ಹೂವಿಗೆ ಏನು ಕೆಲಸ?”

“ಗುರುತಿಸುವ ಕೆಲಸ ಕಣಯ್ಯಾ! ಕಾವಲಿನಲ್ಲಿ ಹತ್ತಾರು ಸಿಪಾಯಿಗಳಿದ್ದಾರೆ. ಯಾವ ಸಿಪಾಯಿ? ‘ಹೂ ಸ್ಲೆಪ್ಟ್’, ಅಂದರೆ ನಿದ್ದೆ ಹೋದ ಸಿಪಾಯಿ. ಹಲವರಲ್ಲಿ ಇಂಥವನೇ ಎಂದು ಬೊಟ್ಟು ಮಾಡುತ್ತದೆ.”

“ಇರುವವನು ಒಬ್ಬನೇ ಆದರೆ?”

“ಒಬ್ಬನೇ ಇದ್ದರೆ ಗುರುತಿಸುವುದೇನು, ನಿನ್ನ ತಲೆ! ಆಗ ಈ ಹೂ ಬೇಡ.”

“ಈ ವಾಕ್ಯದಲ್ಲಿ?”

“ಇಲ್ಲಿ ಬೇಕೇ ಬೇಕು!”

ಕೋನೇರಿರಾಯ ಪರದೆಯತ್ತ ತಿರುಗಿ ಕೈಮುಗಿದ. “ತಾಯೀ, ತಮ್ಮ ಅದೃಷ್ಟ ದೊಡ್ಡದು. ಇರುವ ರಾಣಿಯರಲ್ಲೆಲ್ಲ ಪ್ರಭುಗಳು ಪ್ರೀತಿಸುವುದು ಅರಮನೆಯಲ್ಲಿರುವ ತಮ್ಮನ್ನೇ ಅಂತೆ. ಹೊರಗಿರುವ ರಾಣಿಯವರ ವಿಳಾಸ ಮಾತ್ರ ಮೇಷ್ಟ್ರು ಹೇಳಲಿಲ್ಲ.”

ಬಳೆಯ ಸದ್ದು ನಿಂತುಹೋಯಿತು.

“ಹೊರಗೂ ಒಬ್ಬಳಿದ್ದಾಳೇನು?” ಪರದೆಯ ಹಿಂದಿನಿಂದ ಪ್ರಶ್ನೆ ಬಂತು. ತಣ್ಣಗೆ. ಮದುವೆಯಾದವರಿಗೆ ಆ ತಣ್ಣಗಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

“ಅಯ್ಯೋ, ಇಲ್ಲ ಕಣೇ!” ದೊರೆ ಸಿಂಹಾಸನದಿಂದ ಅರ್ಧ ಎದ್ದರು. “ಮೇಷ್ಟ್ರೇ, ಹೇಳ್ರೀ!”

“ವ್ಯಾಕರಣ ಸರಿಯಾಗಿಯೇ ಇದೆ ಮಹಾಸ್ವಾಮಿ,” ಎಂದರು ಮೇಷ್ಟ್ರು. ವಿದ್ಯಾವಂತರ ಧೈರ್ಯವೇ ಧೈರ್ಯ.

“ನಾನು ನಾಳೆಯೇ ತವರಿಗೆ ಹೋಗುತ್ತೇನೆ. ಅರಮನೆಯಲ್ಲಿ ಇಲ್ಲದ ರಾಣಿ ಒಬ್ಬಳು ನಿಜವಾಗಿಯೂ ಇರಲಿ,” ಎಂದಿತು ಪರದೆ.

ದೊರೆ ವಿದೂಷಕನತ್ತ ತಿರುಗಿದರು. “ಕೋನೇರೀ, ಏನಾದರೂ ಮಾಡೋ!”

“ನಾನು ಫೇಲಾದವನು ಪ್ರಭು. ಹೊರಟೆ.”

“ಪಾಸು! ಪಾಸಾದೆ! ನಿನ್ನ ಜಾಗ ನಿನಗೇ, ಬದುಕಿರುವ ತನಕ!”

ಬಾಗಿಲಲ್ಲಿದ್ದ ಭಾವಮೈದುನ ಪೇಟ ಬಿಚ್ಚತೊಡಗಿದ.

“ಹಾಗಾದರೆ ಕೇಳಿ ಪ್ರಭು,” ಎಂದ ಕೋನೇರಿರಾಯ. “ವಾಕ್ಯಗಳು ಬೇಕಾದರೆ ಬೇರೆ ಸಂಸಾರ ಹೂಡಲಿ, ಗಂಡಹೆಂಡಿರು ಒಟ್ಟಿಗಿರಲಿ. ಮೇಷ್ಟ್ರ ಹೂ ಕಿತ್ತು ಬಿಸಾಡಿ, ಒಂದು ಮೊಳ ಮಲ್ಲಿಗೆ ತರಿಸಿ. ರಾಣಿಯನ್ನು ರಾಜನಿಗೆ ಜೋಡಿಸುವ ಹೂ ಅದು!”