ಬಾಣಂತಿ ಕೋಣೆಯ ಕಾವಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಲಸಿಕೆಗೆ ಮಕ್ಕಳನ್ನು ಕರೆತನ್ನಿ ಎಂದರೆ ಅರ್ಥವಾಗುತ್ತದೆ. ಈಗ ಊರಿನ ಕ್ಲಿನಿಕ್ಕಿನವರು ದೊಡ್ಡವರೂ ಬನ್ನಿ ಎನ್ನುತ್ತಿದ್ದಾರೆ. ನನಗೆ ಕಾಯಿಲೆ ಬಂದರೆ ನಾನು ಅನುಭವಿಸುತ್ತೇನೆ. ಅದರಿಂದ ಬೇರೆಯವರಿಗೇನು?"

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಮಗನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಹೆಣ್ಣು ಮಗು. ಸೊಸೆಗೆ ತಾಯಿಯಿಲ್ಲದ್ದರಿಂದ ಬಾಣಂತನವೂ ಅಲ್ಲಿಯೇ. ವ್ಯಾಪಾರಿ ಅಂಗಡಿಯನ್ನು ಮಗನಿಗೆ ಬಿಟ್ಟು, ಬಾಣಂತಿ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಮಗುವಿಗೆ ಮೊದಲ ಲಸಿಕೆ ಹಾಕಿಸಲು ಕ್ಲಿನಿಕ್ಕಿಗೆ ಹೋದಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು. ನಾಯಿಕೆಮ್ಮಿನ ಲಸಿಕೆಗೆ ಮಗುವಿಗೆ ಒಂದೂವರೆ ತಿಂಗಳು ತುಂಬಬೇಕು. ಅಲ್ಲಿಯವರೆಗೆ ಮಗುವನ್ನು ಕಾಯಬೇಕಾದವರು ಸುತ್ತಲಿನ ದೊಡ್ಡವರು, ಅವರು ಹಾಕಿಸಿಕೊಳ್ಳಲಿ. ಮಗ ಅಂದೇ ತೋಳು ಕೊಟ್ಟ. ವ್ಯಾಪಾರಿ ಕೇಳಿದ: "ಹಲ್ಲು ಬಾರದವಳಿಗೂ ಹಲ್ಲು ಬಿದ್ದವನಿಗೂ ಒಂದೇ ಸೂಜಿಯಾ, ಡಾಕ್ಟರಮ್ಮ?" ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಡಾಕ್ಟರಮ್ಮ ನಗಲಿಲ್ಲ.

ಅವನದು ಬೇರೆ ಬಂದೋಬಸ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ. ತೊಟ್ಟಿಲ ಕೆಳಗೆ ಕಬ್ಬಿಣದ ತುಂಡು ಇಟ್ಟ. ಮಗುವನ್ನು ನೋಡಲು ಬಂದವರ ಕೈಗೆ ಬೆಲ್ಲದ ಚೂರು ಕೊಟ್ಟು ನಡುಮನೆಯಿಂದಲೇ ಕಳಿಸಿದ. ಸ್ವಂತ ತಂಗಿ ಬಂದಾಗಲೂ ಎದ್ದು ಅಡ್ಡ ನಿಂತ. "ನಾನೇನು ಮಗೂನ ತಿಂದುಬಿಡ್ತೀನಾ ಅಣ್ಣ?" ಎಂದು ಅವಳು ಮುನಿಸಿಕೊಂಡು ಹೋದಳು. ಅವನಿಗೆ ತನ್ನ ಹೊರತು ಯಾರ ಮೇಲೂ ನಂಬಿಕೆಯಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಒಣಕೆಮ್ಮು ಹತ್ತಿತು. ವಯಸ್ಸಾದವನ ಕೆಮ್ಮು ಎಂದ. ಶುಂಠಿ ಕಷಾಯ ಕುಡಿದ. ಕಾವಲು ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗುವಿನ ದೃಷ್ಟಿ ತೆಗೆಯುವವನೂ ಅವನೇ. ಉಪ್ಪು, ಒಣಮೆಣಸಿನಕಾಯಿ ನೀವಳಿಸಿದ ಮೇಲೆ ದೃಷ್ಟಿಯಾದವರು ಅದಕ್ಕೆ ಮೂರು ಸಲ ಉಗುಳಬೇಕು. ಮಗು ಉಗುಳಲಾರದು. ಅದರ ಪರವಾಗಿ ಅಜ್ಜ ತೊಟ್ಟಿಲಿಗೆ ಬಗ್ಗಿ ಥೂ ಥೂ ಥೂ ಎನ್ನುತ್ತಿದ್ದ. ನಡುವೆ ಕೆಮ್ಮು ಬಂದರೆ, ಕೆಮ್ಮಿ ಮುಗಿಸಿ ಮೊದಲಿನಿಂದ ಶುರು ಮಾಡುತ್ತಿದ್ದ. ಶಾಸ್ತ್ರ ತಪ್ಪಬಾರದಲ್ಲ.

ಮಗು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಉಸಿರು ಸಿಗದೆ ಅದರ ತುಟಿ ನೀಲಿಯಾಯಿತು. ಕ್ಲಿನಿಕ್ಕಿಗೆ ಹೊತ್ತೊಯ್ದರು. ವ್ಯಾಪಾರಿ ದಾರಿಯುದ್ದಕ್ಕೂ ತಂಗಿಯನ್ನು ಬೈದ. ಅವಳ ಕಣ್ಣೇ ತಾಗಿದ್ದು ಎಂದ.

ಡಾಕ್ಟರಮ್ಮ ಮಗುವಿಗೆ ಆಕ್ಸಿಜನ್ ಹಿಡಿದು, ದೊಡ್ಡಾಸ್ಪತ್ರೆಗೆ ಕಳಿಸಲು ಗಾಡಿ ಕರೆಸಿದರು. ಆಮೇಲೆ ಕೇಳಿದರು: "ಮನೇಲಿ ಯಾರಿಗೆ ಕೆಮ್ಮಿದೆ?"

ಸೊಸೆ ಮಾವನ ಕಡೆ ಬೆರಳು ತೋರಿಸುವುದುಂಟೆ? ಅವಳು ನೆಲ ನೋಡಿದಳು. ಮಗ ಗೋಡೆ ನೋಡಿದ. ಯಾರಿಗೂ ಇಲ್ಲ ಎನ್ನಲು ವ್ಯಾಪಾರಿ ಬಾಯಿ ತೆರೆದ. ಕೆಮ್ಮು ಬಂತು.

ಮಗು ಉಳಿಯಿತು. ಅದು ಚೇತರಿಸಿಕೊಳ್ಳುವವರೆಗೆ ದೊಡ್ಡಾಸ್ಪತ್ರೆಯವರು ಅಜ್ಜನನ್ನು ವಾರ್ಡಿನ ಹೊರಗೇ ನಿಲ್ಲಿಸಿದರು. ತನ್ನ ಕೆಮ್ಮು ವಾಸಿಯಾದ ಮೇಲೆ ಅವನು ತಂಗಿಯ ಮನೆಗೆ ಹೋಗಿ ಅವಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದ. ಇಬ್ಬರೂ ಸೂಜಿ ಹಾಕಿಸಿಕೊಂಡರು. ಅಂದು ಅವನು ಬೆಂಚಿನ ಮೇಲಿದ್ದವರನ್ನು ನಗಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಮುದುಕನ ಮೇಲೆ ಕನಿಕರ ಹುಟ್ಟಿತು. "ಆದರೂ ಗುರುಗಳೇ, ಅವನಿಗೇನು ಆ ಮಗುವಿನ ಮೇಲೆ ದ್ವೇಷವಿತ್ತೆ? ಪ್ರಾಣದಂತೆ ನೋಡಿಕೊಳ್ಳುತ್ತಿದ್ದನಲ್ಲ" ಎಂದ.

ಗುರುಗಳು ಹೇಳಿದರು: "ದ್ವೇಷವಿದ್ದವರು ಅಷ್ಟು ಹತ್ತಿರ ಬರುವುದಿಲ್ಲ."