ಬಾರಬಲ್ ಅಜ್ಜಿ ಮಲಗಿಸಿದ ಒಂದೇ ಹೆಂಟೆ

ಲೋಕ ಆಗಷ್ಟೇ ಹುಟ್ಟಿತ್ತು. ಮೀನುಗಳು ಇನ್ನೂ ಈಜು ಕಲಿಯುತ್ತಿದ್ದವು. ಸ್ಕಾಟ್ಲೆಂಡಿನ ಪಡುವಣ ಕರಾವಳಿಯಲ್ಲಿ ಬಾರಬಲ್ ಎಂಬ ದೈತ್ಯ ಅಜ್ಜಿ ಇದ್ದಳು. ಎದ್ದು ನಿಂತರೆ ಮೋಡ ಮೂಗಿಗೆ ತಾಗಿ ಸೀನು ಬರುತ್ತಿತ್ತು!

ಜೌಗು ನೆಲದ ಕಪ್ಪು ಮಣ್ಣನ್ನು ಸಲಿಕೆಯಿಂದ ಹೆಂಟೆ ಹೆಂಟೆಯಾಗಿ ಕೊಯ್ದು, ಒಣಗಿಸಿ, ಚಳಿಗಾಲದ ಒಲೆಯಲ್ಲಿ ಸೌದೆಯಂತೆ ಉರಿಸಲು ಇಟ್ಟುಕೊಳ್ಳುವುದು ಅವಳ ಕೆಲಸ. ಗಾಳಿಯಾಡಲೆಂದು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತಿದ್ದಳು. ಒಂದೇ ಒಂದು ಹೆಂಟೆ ನೆಲದಲ್ಲಿ ಮಲಗಿದ್ದರೂ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟು!

ಒಂದು ಬೆಳಗ್ಗೆ ಗಾಳಿ ಏದುಸಿರು ಬಿಡುತ್ತಾ ಬಂತು.

"ಅಜ್ಜೀ, ಅಜ್ಜೀ! ಮೊನ್ನೆಯ ದೊಡ್ಡ ಅಲೆ ಒಂದು ಸೀಲ್ ಮರಿಯನ್ನು ದೂರದ ಹೊಂಡಕ್ಕೆ ಎಸೆದುಬಿಟ್ಟಿದೆ. ಹೊಂಡ ಬತ್ತುತ್ತಿದೆ. ಸಂಜೆಯವರೆಗೂ ಮರಿ ಉಳಿಯುವುದಿಲ್ಲ!"

"ಎತ್ತಿ ತಂದುಬಿಡು, ಬಾರಬಲ್ಲಕ್ಕಾ!" ಎಂದು ತಾಯಿ ಸೀಲ್ ದಡದಿಂದ ಗೋಳಾಡಿತು.

"ಅಯ್ಯೋ ತಾಯಿ, ಮೊನ್ನೆ ಮೆಲ್ಲಗೆ ಹಿಡಿದ ಗುಂಡುಕಲ್ಲೇ ಪುಡಿಯಾಯಿತು. ನಿನ್ನ ಮರಿ ಈ ಕೈಯಲ್ಲಿ ಉಳಿದೀತೇ?" ಅಜ್ಜಿಗೆ ಅಳುವೇ ಬಂತು. ಮರುಕ್ಷಣ ಸಲಿಕೆ ಹೆಗಲಿಗೇರಿಸಿದಳು. "ಮರಿಯನ್ನು ಕಡಲಿಗೆ ತರಲಾಗದಿದ್ದರೆ ಏನಂತೆ? ಕಡಲನ್ನೇ ಮರಿಯ ಹತ್ತಿರ ಕರೆದೊಯ್ಯುತ್ತೇನೆ!"

ದಡದಲ್ಲಿ ಗಟ್ಟಿ ಬಂಡೆ. ಅಗೆದು ಅಗೆದು ಮೈಯೆಲ್ಲ ಬೆವರಾದರೂ ಅದು ಸಲಿಕೆಯಗಲದ ಸಂದು ಮಾತ್ರ ಬಿಟ್ಟಿತು. ಆಮೇಲೆ ಮೆತ್ತನೆಯ ಜೌಗು. ಕೊಯ್ದಳು, ನಿಲ್ಲಿಸಿದಳು. ಕೊಯ್ದಳು, ನಿಲ್ಲಿಸಿದಳು. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು.

"ನಡಿ ಅಜ್ಜೀ, ನಡಿ!" ಕಡಲು ಅವಳ ಹಿಮ್ಮಡಿಗೇ ಅಂಟಿಕೊಂಡು ಓಡಿಬಂತು.

ಕೊನೆಯ ಹೆಂಟೆ ಕೈಗೆ ಬಂದಾಗ ಹೊಂಡ ಎದುರಿಗೇ ಇತ್ತು. ಮರಿಯ ಕೂಗು ನಿಂತುಹೋಗಿತ್ತು.

"ಅಜ್ಜೀ, ಅದನ್ನು ನಿಲ್ಲಿಸುತ್ತಾ ಕೂರಬೇಡ!" ಗಾಳಿ ಚೀರಿತು.

ಅಜ್ಜಿ ಜನ್ಮದಲ್ಲಿ ಮೊದಲ ಸಲ, ಹೆಂಟೆಯನ್ನು ಹಿಂದೆ ಮುಂದೆ ನೋಡದೆ ಬಿಸಾಡಿದಳು. ಅದು ಚಪ್ಪಟೆಯಾಗಿ ನೀರಿನ ನಡುವೆ ಬಿತ್ತು. ಧೋ ಎಂದು ಕಡಲು ಹೊಂಡಕ್ಕೆ ನುಗ್ಗಿತು! ಮರಿ ಕಣ್ಣು ಬಿಟ್ಟಿತು, ಬಾಲ ಬಡಿಯಿತು, ಈಜಿತು! ಕಡಲಿನ ಜೊತೆಗೇ ಈಜಿಬಂದ ತಾಯಿ ಸೀಲ್ ಅದರ ಮೂತಿಗೆ ಮೂತಿ ಒತ್ತಿ ಅತ್ತೇ ಅತ್ತಿತು.

ಬಾರಬಲ್ ಕುಣಿದೇಬಿಟ್ಟಳು. ಕುಣಿದು ಸುಸ್ತಾದ ಮೇಲೆ, ಬಿದ್ದ ಹೆಂಟೆಯನ್ನು ನೆಟ್ಟಗೆ ಮಾಡೋಣವೆಂದು ಬಗ್ಗಿದಳು. ನೋಡಿದರೆ, ಮರಿ ಅದರ ಮೇಲೇ ನಿದ್ದೆ ಹೋಗಿತ್ತು.

ಅಜ್ಜಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. "ಇರಲಿ ಬಿಡು. ಇದೊಂದು ಮಲಗಿರಲಿ."

ಬೆಟ್ಟಗಳ ನಡುವೆ ಹರಡಿಕೊಂಡ ಆ ಕಡಲ ತೋಳನ್ನು ಅಲ್ಲಿಯವರು ಲಾಖ್ ಎನ್ನುತ್ತಾರೆ. ಕಡಲು ಇಂದಿಗೂ ದಿನಕ್ಕೆ ಎರಡು ಸಲ ಆ ಇಕ್ಕಟ್ಟು ಬಾಯಿಯಿಂದ ಮೊರೆಯುತ್ತಾ ಒಳಗೆ ಬಂದು, ಇನ್ಯಾವ ಮರಿಯಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿ ಹೋಗುತ್ತದೆ. ಎರಡೂ ದಡದಲ್ಲಿ ಒಂದಕ್ಕೊಂದು ಒರಗಿ ನಿಂತ ಬೆಟ್ಟಗಳು ಅಜ್ಜಿಯ ಹೆಂಟೆಗಳೇ. ಅಲ್ಲಿಯ ಮಳೆಗೆ ಅವು ಇನ್ನೂ ಒಣಗಿಲ್ಲ, ಪಾಪ! ನಡುವಿನ ಪುಟ್ಟ ದ್ವೀಪ ಮಾತ್ರ ಚಪ್ಪಟೆಯಾಗಿ ಮಲಗಿದೆ, ಅದರ ಮೇಲೆ ಸೀಲ್ ಮರಿಗಳು ಇವತ್ತಿಗೂ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯುತ್ತವೆ.